ಕೆನ್ನೆ ಕೊಡು

ನಮ್ಮತ್ತೆಗೆ ಕಿವಿ ಕೇಳಿಸುವುದಿಲ್ಲ ಎಂಬುದು ಮದುವೆಯಾಗಿ ಈ ಮನೆಗೆ ಕಾಲಿಟ್ಟ ದಿನವೇ ನನಗೆ ಗೊತ್ತಾದದ್ದು. ಡೋಲು ಕಟ್ಟುವ ಮನೆ, ಯಜಮಾನಿಗೇ ಕಿವಿಯಿಲ್ಲ! ಒಳ್ಳೇ ಕಡೆ ಬಂದು ಬಿದ್ದೆನಪ್ಪಾ ಎಂದುಕೊಂಡೆ. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಯಿತಂತೆ. ಬಾಯಿ ಮಾತ್ರ ಜೋರು. ನಮ್ಮ ತುಟಿ ನೋಡಿ ಮಾತು ಹಿಡಿಯುತ್ತಿದ್ದರು; ಅವರು ಗುಟ್ಟು ಹೇಳಿದರೆ ಬೀದಿಗೆಲ್ಲ ಕೇಳುತ್ತಿತ್ತು. ನಾನು ಬಸುರಿಯಾದ ಸುದ್ದಿ ನನ್ನ ಗಂಡನಿಗಿಂತ ಮೊದಲು ಎದುರುಮನೆ ದರ್ಜಿಗೆ ತಲುಪಿದ್ದು ಹಾಗೇ.

ಅತ್ತೆಗೆ ಅವರಪ್ಪನಿಂದ ಬಂದ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ನೆನೆಹಾಕಿದ ಚರ್ಮದ ವಾಸನೆ, ಮೂಲೆಯಲ್ಲಿ ಹಗ್ಗದ ಸುರುಳಿ. ಗೂಟಕ್ಕೆ ತೂಗುಹಾಕಿದ ಹಳೇ ಡೋಲು ಅತ್ತೆಯ ಅಜ್ಜ ಒಂದೇ ದಿಮ್ಮಿ ಕೊರೆದು ಮಾಡಿದ್ದು. ಅಜ್ಜ ಹಾಕಿದ ಚರ್ಮ ಹೋಯಿತು, ಅಪ್ಪ ಹಾಕಿದ್ದೂ ಹರಿಯಿತು, ಹಗ್ಗವಂತೂ ಎಷ್ಟು ಬದಲಾಯಿತೋ. ಮರದ ಮೈ ಮಾತ್ರ ಅದೇ. ಅದರ ನಡುವೆ ಅಂಗೈಯಗಲ ನುಣುಪಾದ ಜಾಗವಿದೆ. ಕಿವಿ ಹೋದ ಮೇಲೆ ಅತ್ತೆಗೆ ಅವರಪ್ಪ ಅಲ್ಲಿ ಕೆನ್ನೆ ಒತ್ತಿಸಿ, ಡೋಲು ಬಾರಿಸಿ, ಅದುರುವುದರಲ್ಲೇ ಶ್ರುತಿ ಗುರುತಿಸಲು ಕಲಿಸಿದರಂತೆ. ಅಂದಿನಿಂದ ಈ ಮನೆಯಲ್ಲಿ ಯಾರೂ ‘ಶ್ರುತಿ ನೋಡು’ ಎನ್ನುವುದಿಲ್ಲ. ‘ಕೆನ್ನೆ ಕೊಡು’ ಎನ್ನುತ್ತೇವೆ.

ನನ್ನ ಮಗಳಿಗೂ ಹುಟ್ಟಿನಿಂದಲೇ ಕಿವಿ ಕೇಳಿಸದೆಂದು ಡಾಕ್ಟರು ಹೇಳಿದರು. ನೆಂಟರು ಬಂದು ಲೊಚಗುಟ್ಟಿ, ಕಾಫಿ ಕುಡಿದು ಹೋದರು. ಅತ್ತೆಗೆ ಕಿವಿ ಹೋದದ್ದು ಮಾತು ಕಲಿತ ಮೇಲೆ. ಇವಳಿಗೆ ಶಬ್ದವೆಂದರೇನೆಂದೇ ತಿಳಿಯದು. ಡೋಲಿನ ಮನೆಯಲ್ಲಿ ಹುಟ್ಟಿಯೂ ಇವಳು ಹೊರಗಿನವಳಾಗಿಬಿಟ್ಟರೆ? ಅದೊಂದೇ ನನ್ನ ಭಯ.

ಮಗಳಿಗೆ ಐದು ತುಂಬಿದ ವರ್ಷ ಅತ್ತೆ ಹಳೇ ಡೋಲಿಗೆ ಹೊಸ ಚರ್ಮ ಹಾಕಿದರು. ಒಣಗಿದ ಮೇಲೆ ಮೊಮ್ಮಗಳನ್ನು ಎಳೆದು ಕೂರಿಸಿ, ಕೆನ್ನೆ ಮುಟ್ಟಿ ತೋರಿಸಿದರು. ಡೋಲಿನ ಮರದ ಮೈಗೆ ಒಂದು ಕಡೆ ಅವರ ಕೆನ್ನೆ, ಇನ್ನೊಂದು ಕಡೆ ಇವಳದು.

“ಏನೇ ನೋಡ್ತಾ ನಿಂತಿದೀಯ? ಬಾರಿಸೇ!” ಎಂದು ನನ್ನನ್ನು ಗದರಿದರು.

ಬಲಗಡೆ ಬಾರಿಸಿದೆ. ಎಡಗಡೆ ಬಾರಿಸಿದೆ. ಮಗಳು ಮುಖ ಸಿಂಡರಿಸಿದಳು. ದಿನವೂ ಅಜ್ಜಿಯ ಕೆಲಸ ನೋಡುತ್ತಿದ್ದವಳಲ್ಲವೆ, ಎಡಗಡೆಯ ಹಗ್ಗ ಹಿಡಿದು ಜಗ್ಗಿದಳು. ಅತ್ತೆ ಬೇಕೆಂದೇ ಸಡಿಲ ಬಿಟ್ಟಿದ್ದ ಹಗ್ಗ ಅದೇ.

ಅತ್ತೆ ಬೀದಿಗೆ ಓಡಿದರು. “ಕೇಳಿಸ್ತು ಕಣ್ರೋ! ನನ್ನ ಮೊಮ್ಮಗಳಿಗೆ ಕೇಳಿಸ್ತು!”

ದರ್ಜಿ ಹೊಲಿಗೆ ಬಿಟ್ಟು ಓಡಿಬಂದ. “ಏನಕ್ಕಾ, ಮಗೂಗೆ ಕಿವಿ ಬಂತಾ?”

ಮಗಳು ಇನ್ನೂ ಡೋಲಿಗೆ ಕೆನ್ನೆಯೊತ್ತಿಕೊಂಡು, ಮತ್ತೊಂದು ಪೆಟ್ಟಿಗಾಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ನನಗೆ ಎದೆ ತುಂಬಿ ಬಂತು. ದಿಮ್ಮಿ ಕೊರೆದ ಆ ಅಜ್ಜನಿಗೆ, ಕೆನ್ನೆ ಒತ್ತಿಸಿದ ಅಪ್ಪನಿಗೆ, ಈ ಬಾಯಿಬಡಕಿ ಅತ್ತೆಗೆ ಎಷ್ಟು ಸಲ ಕೈ ಮುಗಿದರೂ ಸಾಲದು ಅನ್ನಿಸಿತು. ದರ್ಜಿಗೆ ಬಿಡಿಸಿ ಹೇಳುವ ತಾಳ್ಮೆ ನನಗೆಲ್ಲಿ?

“ಹೂಂ ಕಣಪ್ಪಾ, ಕೇಳಿಸ್ತು” ಅಂದೆ.