ಕಿಟಕಿ ಬದಿಯ ಸೀಟು ಮತ್ತು ನಾಲ್ಕು ತಾಸು

ಶಿರಾಲಿಯಲ್ಲಿ ಬೆಳಗಿನ ಆರೂವರೆಯ ಬಸ್ಸು ಹತ್ತಿದಾಗ ಹೆದ್ದಾರಿಯ ಎರಡೂ ಬದಿಯ ಗದ್ದೆಗಳು ಮಂಜಿನಲ್ಲಿ ಮುಳುಗಿದ್ದವು. ತೆಂಗಿನ ಮರಗಳ ತಲೆಗಳಷ್ಟೇ ಮೇಲೆ ತೇಲುತ್ತಿದ್ದವು. ಭಟ್ಕಳದಲ್ಲೇ ಹತ್ತಿದ್ದ ಲಲಿತಾ ಮೇಡಂ ಎಂದಿನಂತೆ ನನಗಾಗಿ ಕಿಟಕಿ ಬದಿಯ ಸೀಟು ಹಿಡಿದಿಟ್ಟಿದ್ದರು. ಭಟ್ಕಳದ ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಇರುವುದು ನಾವಿಬ್ಬರೇ. ನಾನು ಕಾಯಂ, ಅವರು ಅತಿಥಿ ಉಪನ್ಯಾಸಕಿ. ಎಂಟು ವರ್ಷವಾದರೂ ಇನ್ನೂ ಅತಿಥಿ.

ಕುಮಟೆಯಲ್ಲಿ ಎರಡು ದಿನ ನಮ್ಮ ಸಂಸ್ಥೆಯ ಎಲ್ಲ ಕಾಲೇಜುಗಳ ಅಧ್ಯಾಪಕರಿಗೂ ಕಚೇರಿ ಸಿಬ್ಬಂದಿಗೂ ಸೆಮಿಸ್ಟರ್ ಆರಂಭದ ಸಭೆ, ತರಬೇತಿ. ನನಗೆ ಈ ಸಭೆಗಳಿಗಿಂತ ಅಲ್ಲಿಗೆ ಹೋಗುವ ದಾರಿ ಇಷ್ಟ. ಸುಮಾರು ಐವತ್ತು ಕಿಲೋಮೀಟರ್ ದಾರಿಯಲ್ಲಿ ಸಮುದ್ರ ನಾಲ್ಕು ಸಲ ಇಣುಕುತ್ತದೆ, ಉಳಿದ ಹೊತ್ತು ನಾನೇ ಅದನ್ನು ಊಹಿಸಿಕೊಳ್ಳುತ್ತೇನೆ. ಕಣ್ಣು ತೆರೆದುಕೊಂಡೇ ಕನಸು ಕಾಣುವುದು ನನಗೆ ಚಿಕ್ಕಂದಿನ ಅಭ್ಯಾಸ. ಬಸ್ಸಿನಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ. ಸಭೆಯಲ್ಲೂ ಇಲ್ಲ ಅಂದುಕೊಂಡಿದ್ದೆ.

ನಿರ್ವಾಹಕರು ಲಲಿತಾ ಅವರಿಗೆ ಹೆಂಗಸರ ಉಚಿತ ಟಿಕೆಟ್ಟನ್ನೂ ನನಗೆ ದುಡ್ಡಿನ ಟಿಕೆಟ್ಟನ್ನೂ ಕೊಟ್ಟರು. "ಈ ಒಂದು ವಿಷಯದಾಗಾದ್ರೂ ನಾನು ನಿಮ್ಕಿಂತ ಮೇಲೆ ಸರ್" ಎಂದು ಲಲಿತಾ ನಕ್ಕರು. ನಂತರ ಮೆಲ್ಲಗೆ ಕೇಳಿದರು: "ಈ ಸಲ ವರ್ಕ್‌ಲೋಡ್ ಎಂತ ಆಗ್ತದೋ, ಪ್ರಿನ್ಸಿಪಾಲರು ನಿಮ್ಗೆ ಏನಾರೂ ಹೇಳಿದ್ರಾ?"

ಇಲ್ಲವೆಂದೆ. ವರ್ಕ್‌ಲೋಡ್ ಎಂದರೆ ವಾರಕ್ಕೆ ಯಾರಿಗೆ ಎಷ್ಟು ತಾಸು ಪಾಠ ಎನ್ನುವ ಹಂಚಿಕೆ. ಕಾಯಂ ಇದ್ದವರಿಗೆ ಮೊದಲು ಹದಿನಾರು ತಾಸು ತುಂಬಬೇಕು. ಮಿಕ್ಕದ್ದು ಅತಿಥಿಗೆ. ಎಂಟು ತಾಸಾದರೂ ಮಿಗದಿದ್ದರೆ ಅತಿಥಿಯನ್ನು ಕರೆಯುವ ರೂಢಿ ನಮ್ಮ ಸಂಸ್ಥೆಯಲ್ಲಿಲ್ಲ. ಬೇಸಿಗೆಯ ಈ ಸೆಮಿಸ್ಟರಿನಲ್ಲಿ ನಮ್ಮ ವಿಭಾಗಕ್ಕೆ ಸಿಗುವುದು ಒಟ್ಟು ಇಪ್ಪತ್ತೇ ತಾಸು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಇಪ್ಪತ್ತರಲ್ಲಿ ಹದಿನಾರು ಕಳೆಯುವಷ್ಟರಲ್ಲಿ ಮುರ್ಡೇಶ್ವರದ ಕಡೆ ತಿರುಗುವ ದಾರಿ ಬಂತು, ನಾನು ಹೊರಗೆ ನೋಡತೊಡಗಿದೆ.

ಹೊನ್ನಾವರದ ನಿಲ್ದಾಣದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇಳಿದು ಬನ್ಸ್ ತಿಂದು, ಬಿಸಿ ಕಷಾಯ ಕುಡಿದೆವು. ಅದಕ್ಕೆ ಸ್ವಲ್ಪ ಮೊದಲು, ಶರಾವತಿಯ ಸೇತುವೆಯಿಂದ ನೋಡಿದಾಗ ಹೊಳೆಯೇ ಇರಲಿಲ್ಲ! ಕೆಳಗೆ ಬರೀ ಬಿಳಿ. ಆ ಬಿಳಿಯೊಳಗಿಂದ ಒಂದು ದೋಣಿ ಅರ್ಧ ಹೊರಬಂದು, ಮನಸ್ಸು ಬದಲಿಸಿದಂತೆ ಮತ್ತೆ ಒಳಗೆ ಹೋಯಿತು. ಗೇರುಸೊಪ್ಪೆಯ ಕಡೆಯಿಂದ ಇಳಿದು ಬರುವ ನೀರು ಇದರಡಿ ಎಲ್ಲೋ ಸಮುದ್ರ ಸೇರುತ್ತಿರಬೇಕು. ಕುಮಟೆ ಮುಟ್ಟುವವರೆಗೂ ನಾನು ಆ ದೋಣಿಯಲ್ಲೇ ಕೂತಿದ್ದೆ.

ಸಭೆ ಹತ್ತಕ್ಕೆ ಶುರುವಾಯಿತು. ಸ್ವಾಗತ, ದೀಪ, ಹೊಸ ಹಾಜರಿ ಆ್ಯಪ್, ಅದರ ಪಾಸ್‌ವರ್ಡ್ ಮರೆತವರ ಸಾಲು. ಹೊರಗಿನಿಂದ ಬಂದಿದ್ದ ತರಬೇತುದಾರರು ನಮ್ಮನ್ನು ಗುಂಪು ಮಾಡಿ ಬಣ್ಣದ ಚೀಟಿ ಹಂಚಿ, "ನಿಮ್ಮ ಕನಸಿನ ತರಗತಿ ಬರೆಯಿರಿ" ಎಂದರು. ಎಲ್ಲರೂ ಪ್ರೊಜೆಕ್ಟರ್, ಎಸಿ ಎಂದೆಲ್ಲ ಬರೆದರು. ಲಲಿತಾ ಅವರ ಚೀಟಿಯಲ್ಲಿ ಎರಡೇ ಪದ ಇದ್ದವು: "ಹೊಳೆ, ಇಳಿತ." ಸಮುದ್ರದ ನೀರು ಇಳಿದಾಗಿನ ಹೊಳೆಯೇ ಅವರ ತರಗತಿ. ತರಬೇತುದಾರರಿಗೆ ಅದು ಹಿಡಿಸಿತು. ಮಧ್ಯಾಹ್ನಕ್ಕೆ ಹೇಗೂ ಹೊರಗಿನ ಕಲಿಕೆಯ ಕಾರ್ಯಕ್ರಮವಿತ್ತು. ಮೇಡಂ ಅವರೇ ಪಾಠ ಮಾಡಲಿ ಎಂದುಬಿಟ್ಟರು.

ಊಟದಲ್ಲಿ ಅನ್ನ, ಸಾರು, ಸೌತೆಕಾಯಿ ಹುಳಿ, ಪಾಯಸ. ಆಮೇಲೆ ಕಾಲೇಜಿನ ಬಸ್ಸಿನಲ್ಲಿ ಅಘನಾಶಿನಿ ಊರಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ತದಡಿಗೆ ದಾಟಿದೆವು. ಅರ್ಧ ತಾಸೂ ಬೇಡ ಆ ದಾಟುವಿಕೆಗೆ, ಆದರೆ ಸಮುದ್ರವೂ ಹೊಳೆಯೂ ಒಂದಾಗುವ ಆ ನೀರಿನ ಮೇಲೆ ಹೊತ್ತು ತನ್ನ ಪಾಡಿಗೆ ತಾನು ಹಿಗ್ಗುತ್ತದೆ. ತದಡಿಯ ಬಂದರಿನ ಮೀನು ದೋಣಿಗಳು ಬಿಸಿಲಲ್ಲಿ ತೂಕಡಿಸುತ್ತಿದ್ದವು. ನಮ್ಮ ಪ್ರಿನ್ಸಿಪಾಲರೂ.

ನೀರು ಇಳಿದಿತ್ತು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರಗಳು ಕೆಸರಿನ ಮೇಲೆ ಬೇರುಗಳ ಕಾಲೂರಿ ನಿಂತಿದ್ದವು. ಲಲಿತಾ ಸೀರೆಯನ್ನು ಮೇಲೆತ್ತಿ ಸಿಕ್ಕಿಸಿಕೊಂಡು ಸೀದಾ ಕೆಸರಿಗಿಳಿದರು. ಯಾವ ಹೆಜ್ಜೆ ಎಲ್ಲಿಡಬೇಕೆಂದು ಅವರ ಪಾದಗಳಿಗೆ ಗೊತ್ತಿತ್ತು. ಕೊಂಬೆಯಿಂದ ಜೋತುಬಿದ್ದ ಉದ್ದನೆಯ ಹಸಿರು ಮೊಳಕೆಯೊಂದನ್ನು ಬಿಡಿಸಿಕೊಂಡು, "ಈ ಮರ ಬೀಜ ಉದುರಿಸೂದಿಲ್ಲ. ಮೈಮೇಲೇ ಮೊಳಕೆ ಬರಿಸಿ, ನಿಲ್ಲೂ ಶಕ್ತಿ ಬಂದ ಮೇಲೆ ಬಿಡ್ತದೆ. ಉಪ್ಪು ನೀರಾಗೆ ಬರೀ ಬೀಜ ಬಿಟ್ರೆ ಬದುಕೂದು ಕಷ್ಟ" ಎಂದರು. ವಾಣಿಜ್ಯದವರು, ಇಂಗ್ಲಿಷಿನವರು, ಕಚೇರಿಯ ಗುಮಾಸ್ತರು ಎಲ್ಲ ಚಪ್ಪಲಿ ಕಳಚಿ ಮಕ್ಕಳಂತೆ ಕೆಸರಿಗಿಳಿದರು. ನಾನು ಇಪ್ಪತ್ತೈದು ವರ್ಷ ಇದೇ ಪಾಠವನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಅದು ಇಷ್ಟು ಚಂದ ಎಂದು ಆ ದಿನ ತಿಳಿಯಿತು.

ಸ್ವಲ್ಪ ದೂರದಲ್ಲಿ ಸೊಂಟದವರೆಗಿನ ನೀರಿನಲ್ಲಿ ಹೆಂಗಸರು ಬಳಚು ಆರಿಸುತ್ತಿದ್ದರು. ಬಳಚು ಎಂದರೆ ಕೆಸರಲ್ಲಿ ಹುದುಗಿರುವ ಚಿಪ್ಪುಜೀವಿ, ಈ ಕಡೆಯವರ ಊಟಕ್ಕೆ ಬಲು ರುಚಿ. ಅವರಲ್ಲೊಬ್ಬ ವಯಸ್ಸಾದ ಹೆಂಗಸು ಲಲಿತಾ ಅವರನ್ನು ಕಂಡು ಕೂಗಿದರು: "ಎಂತ ತಂಗೀ, ಹೋದ ವರ್ಷದ ಹಾಂಗೆ ಈ ವರ್ಷವೂ ಕೆಲ್ಸಕ್ಕೆ ಬತ್ಯಾ? ನಿನ್ ಬುಟ್ಟಿ ಹಾಂಗೇ ಇಟ್ಟಿದೆ ನೋಡು!"

ಲಲಿತಾ ಅವರ ಮುಖದಲ್ಲಿ ನಗು ಹಾಗೇ ಇತ್ತು, ಆದರೆ ಕೈಯಲ್ಲಿದ್ದ ಮೊಳಕೆ ಜಾರಿ ಕೆಸರಿಗೆ ಬಿತ್ತು. "ನಮ್ಮ ಚಿಕ್ಕಮ್ಮ" ಎಂದು ನನಗೆ ಪರಿಚಯ ಹೇಳಿದರು.

ಹೋದ ವರ್ಷ ಇದೇ ಸೆಮಿಸ್ಟರಿನಲ್ಲಿ ಅವರು ಕಾಲೇಜಿಗೆ ಬಂದಿರಲಿಲ್ಲ. ಮನೆಯ ಏನೋ ಕಾರಣ ಎಂದುಕೊಂಡಿದ್ದೆ. ಮಿಕ್ಕ ನಾಲ್ಕು ತಾಸನ್ನು ನಾನೇ ಹೊತ್ತು, ದೊಡ್ಡ ಉಪಕಾರ ಮಾಡಿದವನ ಗತ್ತಿನಲ್ಲಿ ತಿರುಗಿದ್ದೆ. ಮರಳುವ ದೋಣಿಯಲ್ಲಿ ಅವರ ಪಕ್ಕ ಕೂತು, "ನನಗೆ ಹೇಳಬಹುದಿತ್ತಲ್ಲ ಮೇಡಂ" ಎಂದೆ.

ಅವರು ನೀರಿಗೆ ಕೈಯಿಳಿಬಿಟ್ಟು ಕೆಸರು ತೊಳೆದುಕೊಳ್ಳುತ್ತಿದ್ದರು. "ಹೋದ ವರ್ಷದ ಮೀಟಿಂಗ್ ನೆನಪುಂಟಾ ಸರ್? ಪ್ರಿನ್ಸಿಪಾಲರು ಕಾಲೇಜಿನ ಮೌಲ್ಯಮಾಪನದ ಕಡತಕ್ಕೆ ಕೋಆರ್ಡಿನೇಟರ್ ಯಾರಾಗ್ತೀರಿ ಅಂತ ಮೂರು ಸಲ ಕೇಳಿದ್ರು. ಆದವ್ರಿಗೆ ನಾಲ್ಕು ತಾಸು ಪಾಠ ಕಡಿಮೆ. ನೀವಾಗಿದ್ರೆ ನಿಮ್ಮ ಆ ನಾಲ್ಕು ತಾಸು ಸೇರಿ ನಂಗೆ ಎಂಟಾಗ್ತಿತ್ತು. ನೀವು ಕಿಟಕಿ ಬದಿ ನೋಡ್ತಿದ್ರಿ. ನಾನು ನಿಮ್ಮನ್ನೇ ನೋಡ್ತಿದ್ದೆ."

ಅದರಲ್ಲಿ ದೂರಿನ ದನಿ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಆ ರಾತ್ರಿ ಅವರು ಅಘನಾಶಿನಿಯಲ್ಲೇ ಚಿಕ್ಕಮ್ಮನ ಮನೆಯಲ್ಲಿ, ನಾನು ಕುಮಟೆಯ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಉಳಿದೆವು. ನನಗೆ ಚೆನ್ನಾಗಿ ನಿದ್ದೆ ಬರಲಿಲ್ಲ.

ಮರುದಿನ ಪ್ರತಿ ಕಾಲೇಜಿನವರೂ ಬೇರೆ ಬೇರೆ ಕೋಣೆಯಲ್ಲಿ ಕೂತು ವರ್ಕ್‌ಲೋಡ್ ಹಂಚಿಕೊಳ್ಳಬೇಕಿತ್ತು. ನಮ್ಮ ಕೋಣೆಯ ಕಿಟಕಿಯಿಂದ ಬಾದಾಮಿ ಮರವೊಂದು ಕಾಣುತ್ತಿತ್ತು, ಕೆಂಪೆಲೆಗಳು ಒಂದೊಂದಾಗಿ ಯಾವ ಅವಸರವೂ ಇಲ್ಲದೆ ಬೀಳುತ್ತಿದ್ದವು. ಬೇರೆ ದಿನವಾಗಿದ್ದರೆ ಸಭೆ ಮುಗಿಯುವವರೆಗೆ ನನಗೆ ಅಷ್ಟೇ ಸಾಕಾಗುತ್ತಿತ್ತು.

ಕೊನೆಗೆ ಪ್ರಿನ್ಸಿಪಾಲರು ಕನ್ನಡಕ ತೆಗೆದಿಟ್ಟು ಹೇಳಿದರು: "ಈ ವರ್ಷ ಮೌಲ್ಯಮಾಪನದ ತಂಡ ಬರುತ್ತದೆ. ಹೋದ ವರ್ಷ ಯಾರೂ ಒಪ್ಪಲಿಲ್ಲ, ಈಗ ಐದು ವರ್ಷದ ಕಡತ ಜೋಡಿಸಲೇಬೇಕು. ಕೋಆರ್ಡಿನೇಟರ್ ಯಾರಾಗ್ತೀರಿ?"

ನಮ್ಮ ಕಡೆ ಈ ಪ್ರಶ್ನೆಗೊಂದು ಮರ್ಯಾದೆ ಇದೆ. ಕೇಳಿದೊಡನೆ ಎಲ್ಲರೂ ಕೆಲಸದಲ್ಲಿ ತೊಡಗುತ್ತಾರೆ. ಇತಿಹಾಸದವರು ಪೆನ್ನಿನ ಕ್ಯಾಪು ಹುಡುಕಿದರು. ಗಣಿತದವರಿಗೆ ಫೋನು ಬಂತು, ಅದು ರಿಂಗಾದದ್ದು ಯಾರಿಗೂ ಕೇಳಿಸಲಿಲ್ಲ. ಉಳಿದವರು ಫ್ಯಾನು ನೋಡಿದರು. ಆ ಕೆಲಸಕ್ಕೆ ಭಾನುವಾರಗಳು ಹೋಗುತ್ತವೆ, ಸಂಜೆಗಳು ಹೋಗುತ್ತವೆ, ಎಷ್ಟು ಮಾಡಿದರೂ ಬೈಗುಳ ತಪ್ಪುವುದಿಲ್ಲ. ನಾನು ಲಲಿತಾ ಅವರ ಕಡೆ ನೋಡಿದೆ. ಈ ಸಲ ಅವರು ನನ್ನನ್ನು ನೋಡುತ್ತಿರಲಿಲ್ಲ. ಕಿಟಕಿಯ ಹೊರಗೆ ಬಾದಾಮಿ ಮರ ನೋಡುತ್ತಿದ್ದರು.

ಕೈ ಎತ್ತಿದೆ.

"ನೀವಾ?" ಎಂದರು ಪ್ರಿನ್ಸಿಪಾಲರು. ಗಾಬರಿಯೇ ಆದಂತಿತ್ತು. "ನಿದ್ದೆಗಣ್ಣಲ್ಲಿ ಎತ್ತಿಲ್ಲ ತಾನೇ?"

"ಇಲ್ಲ ಸರ್. ಎಚ್ಚರ ಇದ್ದೇನೆ. ನಾಲ್ಕು ತಾಸು ಲಲಿತಾ ಮೇಡಂ ಹೆಸರಿಗೆ ಬರೆಯಿರಿ. ನನಗೆ ಹನ್ನೆರಡು, ಅವರಿಗೆ ಎಂಟು."

ಗುಮಾಸ್ತರು ಹಾಳೆಯಲ್ಲಿ ಹಳೆಯ ಅಂಕಿ ಹೊಡೆದು ಹೊಸದು ಬರೆದರು. ಗಣಿತದವರ ಫೋನಿನ ಮಾತು ಆಗಲೇ ಮುಗಿಯಿತು. ಲಲಿತಾ ಕನ್ನಡಕ ತೆಗೆದರು. ಸೆರಗಿನಿಂದ ಒರೆಸಿಕೊಂಡರು, ಒರೆಸುತ್ತಲೇ ಇದ್ದರು.

ಸಂಜೆ ನಾಲ್ಕೂವರೆಗೆ ಕುಮಟೆಯ ನಿಲ್ದಾಣದಲ್ಲಿ ಭಟ್ಕಳದ ಬಸ್ಸು ಸಿಕ್ಕಿತು. ನನ್ನ ತೋಳಿನಲ್ಲಿ ಆಗಲೇ ಮೂರು ದಪ್ಪ ಕಡತಗಳು. ಲಲಿತಾ ಒಳಗೆ ಸರಿಯದೆ ನನಗೆ ದಾರಿ ಬಿಟ್ಟು ನಿಂತರು. "ಕಿಟಕಿಗೆ ನೀವು ಕೂತ್ಕೊಳ್ಳಿ ಸರ್."

"ಬೇಡ ಮೇಡಂ. ಇನ್ನು ಮೇಲೆ ನೀವು."

ಹೊನ್ನಾವರ ಹತ್ತಿರವಾದಾಗ ಅವರು ಫೋನು ತೆಗೆದು ಚಿಕ್ಕಮ್ಮನಿಗೆ ಮಾಡಿದರು. "ಚಿಕ್ಕಮ್ಮಾ, ನಂಗೆ ಎಂಟು ತಾಸು ಸಿಕ್ತು. ಈ ವರ್ಷ ನಾ ಬರೂದಿಲ್ಲ." ಹೇಳಿ ನಕ್ಕರು.

ನೀರಿನ ನಡುವೆ ಕೂಗಿ ಮಾತಾಡಿ ರೂಢಿಯಾದ ಆ ಹೆಂಗಸಿನ ದನಿ ನನಗೂ ಸ್ಪಷ್ಟ ಕೇಳಿತು. "ಆತು ತಂಗೀ, ಚಲೋ ಆತು! ಬುಟ್ಟಿ ಮಾತ್ರ ಯಾರಿಗೂ ಕೊಡೂದಿಲ್ಲ, ಇಲ್ಲೇ ಇಡ್ತೆ. ಮುಂದಿನ ವರ್ಷ ಎಂತ ಅಂತ ಯಾರಿಗೆ ಗೊತ್ತು?"

"ಹೂಂ, ಇಡು" ಎಂದರು ಲಲಿತಾ.

ಬಸ್ಸು ಶರಾವತಿಯ ಸೇತುವೆ ಏರಿತು. ನಿನ್ನೆ ಬೆಳಗಿನ ಮಂಜು ಈಗಿಲ್ಲ, ಹೊಳೆಯ ತುಂಬ ಸಂಜೆ ಬೆಳಕು. "ಸರ್, ನಿಮ್ಮ ಹೊಳೆ ಬಂತು, ನೋಡಿ" ಎಂದು ಅವರು ಸ್ವಲ್ಪ ಹಿಂದಕ್ಕೆ ಬಾಗಿ ನನಗೆ ಜಾಗ ಮಾಡಿಕೊಟ್ಟರು. ಒಮ್ಮೆ ನೋಡಿದೆ. ಒಂದು ದೋಣಿ ದಡ ಸೇರುವುದರಲ್ಲಿತ್ತು. ಸೇರಿತೋ ಇಲ್ಲವೋ ಕಾಯದೆ, ತೊಡೆಯ ಮೇಲಿನ ಮೊದಲ ಕಡತ ಬಿಚ್ಚಿದೆ.