ಕಲಿಸದೆ ಫೋಟೋ ಇಲ್ಲ ಎಂದ ಭಾಗ್ಯಜ್ಯೋತಿ

ತಂಗಡಗಿಯ ಭಾಗ್ಯಜ್ಯೋತಿ ಜಂಪರ್ ಹೊಲಿಯುತ್ತಾಳೆ, ಊರಿನ ಮಹಿಳಾ ಸಂಘಕ್ಕೆ ಅಧ್ಯಕ್ಷೆ. ಮುದ್ದೇಬಿಹಾಳದ ಕಚೇರಿಗಳ ಬಾಗಿಲಲ್ಲಿ ನಿಂತು ನಿಂತು ಆಕೆ ಕೇಳಿದ್ದು ಒಂದೇ ಮಾತು: ಫೋನಿನಲ್ಲಿ ಬರುವ ಕಳ್ಳರಿಂದ ತಪ್ಪಿಸಿಕೊಳ್ಳುವುದನ್ನು ನಮ್ಮ ಹೆಂಗಸರಿಗೆ ಕಲಿಸಿ. ಪ್ರತಿ ಸಲವೂ ಸಿಕ್ಕ ಉತ್ತರ, ‘ಅನುದಾನ ಇಲ್ಲವ್ವಾ.’

ಆಕೆ ಹಟ ಹಿಡಿದದ್ದು ಅತ್ತೆ ಶಂಕ್ರೆವ್ವನಿಗಾಗಿ. ಶಂಕ್ರೆವ್ವನ ತವರು ಇಂಗಳೇಶ್ವರ. ಯಾವನೋ ಫೋನ್ ಮಾಡಿ, ‘ಅಕ್ಕಾ, ನಾ ಇಂಗಳೇಶ್ವರದಾಂವ, ಬ್ಯಾಂಕಿನ್ಯಾಗ ಅದೇನಿ. ನಿನ್ನ ಖಾತೆ ಬಂದ್ ಆಗಾಕತ್ತೈತಿ, ಫೋನಿಗೆ ಬಂದ ನಂಬರ್ ಹೇಳು’ ಅಂದ. ನಮ್ಮ ಕಡೆ ತವರಿನ ಹೆಸರು ಹೇಳಿಕೊಂಡು ಬಂದವನನ್ನು, ಗುರುತಿಲ್ಲದಿದ್ದರೂ, ಚಹಾ ಕುಡಿಸದೆ ಕಳಿಸುವುದಿಲ್ಲ. ಶಂಕ್ರೆವ್ವ ನಂಬರ್ ಹೇಳಿದಳು. ‘ಊಟಾ ಆತೇನ ತಮ್ಮಾ?’ ಎಂದೂ ಕೇಳಿದಳು. ಕೂಡಿಟ್ಟದ್ದೆಲ್ಲ ಹೋಯಿತು. ಅಂದಿನಿಂದ ಫೋನ್ ರಿಂಗಾದರೆ ಎದ್ದು ಒಳಗೆ ಹೋಗುತ್ತಾಳೆ.

ಮಾರ್ಚ್ ಬಂತು. ಮಾರ್ಚಿನಲ್ಲಿ ಸರ್ಕಾರದ ದುಡ್ಡಿಗೆ ಕಾಲು ಮೂಡುತ್ತವೆ. ಸೈಬರ್ ಜಾಗೃತಿಯ ಅನುದಾನ ತಿಂಗಳೊಳಗೆ ಖರ್ಚಾಗದಿದ್ದರೆ ವಾಪಸ್ ಹೋಗುತ್ತದೆಂದು, ಗುತ್ತಿಗೆ ಹಿಡಿದ ಸಂಸ್ಥೆಯೊಂದರ ಜೀಪು ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಮುಗಿಸಿ ತಂಗಡಗಿಗೂ ಬಂತು. ಸಂಸ್ಥೆಯ ಸಂಯೋಜಕ ಕೌಸ್ತುಭ ಸಮುದಾಯ ಭವನದಲ್ಲಿ ಬ್ಯಾನರ್ ಕಟ್ಟಿದ. ದಿಲ್ಲಿಯ ಸೂಟುಧಾರಿಯೊಬ್ಬನನ್ನು ಕಳ್ಳರು ಹಿಂದಿಯಲ್ಲಿ ಹೆದರಿಸುವ ಫಿಲ್ಮ್ ತೋರಿಸಿದ. ಬಿಸ್ಕೀಟು ಹಂಚಿ, ‘ಎಲ್ಲಾರೂ ಬ್ಯಾನರ್ ಮುಂದ ಬರ್ರಿ, ಫೋಟೋ ತಗೋಳೂಣು’ ಎಂದ.

ಭಾಗ್ಯಜ್ಯೋತಿ ಏಳಲಿಲ್ಲ. ‘ಏನ್ ಕಲಿಸಿದ್ರಿ ಸರ?’

‘ಅಕ್ಕಾರ, ಫಿಲ್ಮ್ ನೋಡಿದ್ರೆಲ್ಲಾ.’

‘ನಮಗ ಫೋನ್ ಮಾಡೂ ಕಳ್ಳ ಹಿಂದಿ ಮಾತಾಡಂಗಿಲ್ರಿ. ತವರೂರಿನ ಹೆಸರು ಹೇಳ್ತಾನ.’

‘ಫೋಟೋ ಇಲ್ಲಂದ್ರ ಬಿಲ್ ಪಾಸ್ ಆಗಂಗಿಲ್ರಿ. ತಾಳಿಕೋಟ್ಯಾಗ ಮಂದಿ ಕಾಯಾಕತ್ತಾರ.’

‘ಹಂಗಾರ ಲಗೂನ ಕಲಿಸ್ರಿ. ಕಲಿಸೂತನಾ ಫೋಟೋ ಇಲ್ಲ.’

ಎದ್ದಿದ್ದ ಹೆಂಗಸರೂ ಕುಳಿತರು. ಬರೀ ಬ್ಯಾನರಿನ ಫೋಟೋಕ್ಕೆ ದುಡ್ಡು ಹುಟ್ಟುವುದಿಲ್ಲ. ಕೌಸ್ತುಭ ಬೆವರು ಒರೆಸಿಕೊಂಡ. ‘ಏನ್ ಮಾಡ್ಲಿ ಹೇಳ್ರಿ.’

‘ನೀವ ಕಳ್ಳ ಆಗ್ರಿ. ಹೊರಗ ಹೋಗಿ ಫೋನ್ ಹಚ್ಚ್ರಿ.’

‘ಈ ಮಾರಿಗೆ ಕಳ್ಳತನ ಒಪ್ಪಂಗಿಲ್ಲ ಬಿಡ’ ಎಂದಳು ಸಂಘದ ರೇಣವ್ವ, ಆತನ ಮುಖ ನೋಡಿ. ಕೌಸ್ತುಭ ಹಾಜರಿ ಪಟ್ಟಿ ಹಿಡಿದು ಹೊರಗೆ ಹೋದ; ಮೊದಲ ಫೋನ್ ಅವಳಿಗೇ ಬಂತು.

‘ಅಕ್ಕಾ, ನಾ ನಿನ್ನ ತವರೂರಾಂವ.’

‘ಹೌದೇನ ತಮ್ಮಾ? ನಮ್ಮವ್ವ ಆರಾಮ ಅದಾಳೇನ?’

ಆತ ನಂಬರ್ ಕೇಳಿದ, ಈಕೆ ಹೇಳಿಯೇಬಿಟ್ಟಳು. ಭವನವೆಲ್ಲ ನಕ್ಕಿತು. ರೇಣವ್ವ ಸಿಟ್ಟಾದಳು. ‘ನಗಬ್ಯಾಡ್ರೆ! ತವರಿನ ಹೆಸರು ಹೇಳಿದವಂದು ಫೋನ್ ಹೆಂಗ ಇಡ್ಲಿ? ಖರೇನ ನಮ್ಮೂರಾಂವ ಆಗಿದ್ರ?’

ದಿಲ್ಲಿಯ ಫಿಲ್ಮಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಸೊಸೆಯ ಕಾಟಕ್ಕೆ ಬಂದು ಬಾಗಿಲ ಬಳಿ ಕೂತಿದ್ದ ಶಂಕ್ರೆವ್ವ ಫೋನಿಗೆ ಕೈ ಚಾಚಿದಳು. ‘ನನಗ ಹಚ್ಚಂತ ಹೇಳ.’

ಭಾಗ್ಯಜ್ಯೋತಿ ಹೊರಗೆ ಹೋಗಿ ಕೌಸ್ತುಭನಿಗೆ ಅತ್ತೆಯ ತವರಿನ ಹೆಸರು ಹೇಳಿ ಬಂದಳು. ಫೋನ್ ರಿಂಗಾಯಿತು. ಶಂಕ್ರೆವ್ವ ಎದ್ದು ಹೋಗದೆ ಕಿವಿಗೆ ಹಿಡಿದಳು.

‘ಅಕ್ಕಾ, ನಾ ಇಂಗಳೇಶ್ವರದಾಂವ...’

‘ಯಾರ ಮನ್ಯಾಂವಪಾ? ನಿಮ್ಮವ್ವನ ಕೈಯಾಗ ಫೋನ್ ಕೊಡು. ಆಕಿ ಜೋಡಿ ಮಾತಾಡಿ ಆಮ್ಯಾಲ ನಿನ್ನ ಕೇಳ್ತೇನಿ.’

‘ಅವ್ವ ಇಲ್ಲಿ ಇಲ್ಲಕ್ಕಾ, ನೀ ನಂಬರ್ ಹೇಳು...’

‘ಯಾಕ, ಅವ್ವಗ ಹೇಳದ ಕದಿಯಾಕ ಬಂದೀಯೇನ?’

ಚಪ್ಪಾಳೆಯ ನಡುವೆ ಭಾಗ್ಯಜ್ಯೋತಿ ಕೂಗಿ ಹೇಳಿದಳು: ‘ಖರೇ ಖರೇ ತವರಿನಾಂವ ಇದ್ರೂ ಚಹಾ ಕುಡಸ್ರಿ, ನಂಬರ್ ಕೊಡಬ್ಯಾಡ್ರಿ!’

ದುಡ್ಡು ಮಂಜೂರು ಮಾಡುವ ಸಾಹೇಬರೇ, ಇಂಥ ಪಾಠಕ್ಕೆ ವರ್ಷಪೂರ್ತಿ ಕೊಡಿ. ಕೊಟ್ಟ ಮೇಲೆ ಫೋಟೋ ತರಿಸಿಕೊಂಡು ಕೂರಬೇಡಿ. ಊರಿಗೆ ಬಂದು ಶಂಕ್ರೆವ್ವನಂಥವರಿಗೆ ನೀವೇ ಫೋನ್ ಹಚ್ಚಿ ನೋಡಿ, ಯಾರಿಗೆ ಏನು ಬಂತೆಂದು ತಿಳಿಯುತ್ತದೆ.

ಕೌಸ್ತುಭ ನಗುತ್ತ ಒಳಬಂದ. ತಾಳಿಕೋಟೆಯವರಿಗೆ ನಾಳೆ ಬರುತ್ತೇನೆಂದು ತಿಳಿಸಿಯಾಗಿತ್ತು. ‘ಈಗರ ಫೋಟೋ ತಗೋಳೂಣೇನ್ರಿ ಅಕ್ಕಾರ?’

‘ರೇಣವ್ವ ಇನ್ನಾ ಪಾಸ್ ಆಗಿಲ್ರಿ’ ಎಂದಳು ಭಾಗ್ಯಜ್ಯೋತಿ. ‘ಹೊರಗ ನಡೀರಿ, ಫೋನ್ ಹಚ್ಚ್ರಿ.’