ನಾನು ತೋರಿಸಿದ ಬೋರು

ಸರ್ಕಾರದ ದುಡ್ಡಿನಲ್ಲಿ ಬೋರ್ ಕೊರೆಸುವ ಮುಂಚೆ ನೀರಿರುವ ಜಾಗ ತೋರಿಸುವುದು ನನ್ನ ಕೆಲಸ. ಸವಡಿಯ ಇಮಾಂಬಿ ಅವರ ಹೊಲದಲ್ಲಿ ನಾನು ತೋರಿಸಿದ ಕಡೆ ನೀರೇ ಬೀಳಲಿಲ್ಲ. ಅದೇ ಸರ್ಕಾರದ ದುಡ್ಡಿನಲ್ಲಿ ಆ ಬೋರನ್ನು ಮುಚ್ಚಿಸಲು ಮತ್ತೆ ಹೋಗಬೇಕಾಯಿತು.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು, "ಮುಚ್ಚೂಕಿಂತ ಮೊದಲ ಒಂದ್ ಸಲ ಕಿವಿ ಇಟ್ಟು ಕೇಳ್ರಿ ಅಕ್ಕಾರ," ಅಂದರು.

ಎರೆ ಮಣ್ಣಿನ ಮೇಲೆ ಮಂಡಿಯೂರಿ ಬಗ್ಗಿದೆ. ಒಳಗಿನಿಂದ ತಣ್ಣನೆಯ ಗಾಳಿ ಬಂದು ಕೆನ್ನೆ ಸವರಿತು. ಎಲ್ಲೋ ಆಳದಲ್ಲಿ ಯಾರೋ ನಿದ್ದೆಯಲ್ಲಿ ಉಸಿರಾಡುವಂಥ ಸದ್ದು. ಬಿಸಿಲು, ಜೋಳದ ಹೊಲ, ಸಲಿಕೆ ಹಿಡಿದು ಕಾಯುತ್ತಿದ್ದ ಕೂಲಿಯವರು, ಎಲ್ಲ ಮರೆತೇಹೋಯಿತು. ಎಷ್ಟು ಹೊತ್ತು ಹಾಗೇ ಇದ್ದೆನೋ.

"ದಿನಾ ಮಧ್ಯಾಹ್ನ ಬಂದು ಇದನ್ನ ಕೇಳ್ಕೋತ ಇಲ್ಲೇ ಕುಂಡರ್ತಿದ್ನಿರಿ," ಅಂದರು ಇಮಾಂಬಿ.

"ಜಾಗಾ ತೋರ್ಸಿದ್ದು ನಂದ ತಪ್ಪರಿ," ಅಂದೆ.

"ನೆಲದಾಗ ಏನೈತಿ ಅಂತ ಯಾರಿಗೆ ಗೊತ್ರಿ? ಮುಚ್ಚಿಸ್ರಿ. ಸಣ್ಣ ಹುಡುಗ್ರು ಓಡಾಡ್ತಾವ."

ಮೊದಲ ಕಲ್ಲು ತಳ ಮುಟ್ಟುವ ತನಕ ಇಬ್ಬರೂ ಕಿವಿಗೊಟ್ಟು ನಿಂತಿದ್ದೆವು.

ಹೋದ ವಾರ ಇನ್ನೊಂದು ಬೋರಿಗೆ ಅವರ ಹೊಸ ಅರ್ಜಿ ಬಂತು. ಜಾಗ ಆ ಅಕ್ಕಾರೇ ತೋರಿಸಬೇಕು ಅಂತ ಅಂಚಿನಲ್ಲಿ ಬರೆಸಿದ್ದಾರೆ. ನನ್ನ ಮೇಲೆ ನನಗೇ ಅಷ್ಟು ಭರವಸೆಯಿಲ್ಲ.